ಗೋಲು ಕಾಯ್ದವರು, ಆಟ ಕಲಿಸಿದವರು: ಒಲಿಂಪಿಯನ್ ಮ್ಯಾನುಯೆಲ್ ಫ್ರೆಡರಿಕ್ (1947–2025)

ತೊಕ್ಕೊಟ್ಟು: ನಮ್ಮ ಜಂಕ್ಷನ್‌ನಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟರೆ ತಲಪಾಡಿ, ಮಂಜೇಶ್ವರ, ಕಾಸರಗೋಡು ದಾಟಿ ಕಣ್ಣೂರು ಸಿಗುತ್ತದೆ. ಬೆಳಿಗ್ಗೆ ಹೋದವರು ಕೆಲಸ ಮುಗಿಸಿ ರಾತ್ರಿಯೊಳಗೆ ಮನೆಗೆ ಬಂದು ಸೇರುವಷ್ಟೇ ದೂರ. ಆ ಊರಿನ ಬರ್ನಶ್ಶೇರಿ ಎಂಬಲ್ಲಿ 1947ರ ಅಕ್ಟೋಬರ್ 20ರಂದು ಹುಟ್ಟಿ, ಬಾಲ್ಯದಲ್ಲಿ ಫುಟ್ಬಾಲ್ ಒದ್ದು, ಆಮೇಲೆ ಹಾಕಿಯ ಗೋಲ್‌ಕೀಪರ್ ಆಗಿ ಒಲಿಂಪಿಕ್ ಪದಕ ಗೆದ್ದು, ಕೊನೆಗೆ ಬೆಂಗಳೂರಿನಲ್ಲಿ ನೆಲೆಸಿ ಮಕ್ಕಳಿಗೆ ಆಟ ಕಲಿಸಿದವರು ಮ್ಯಾನುಯೆಲ್ ಫ್ರೆಡರಿಕ್. 2025ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ಅವರು ನಿಧನರಾದಾಗ ವಯಸ್ಸು 78. ಕೇರಳದಲ್ಲಿ ಹುಟ್ಟಿದವರಲ್ಲಿ ಒಲಿಂಪಿಕ್ ಪದಕ ಪಡೆದ ಮೊದಲಿಗರು ಇವರೇ. ಆದರೆ ಅವರ ಬದುಕಿನ ಬಹುಪಾಲು ಕಳೆದದ್ದು ನಮ್ಮ ರಾಜ್ಯದಲ್ಲಿ.

ಅವರ ಹೆಸರು ಕೆಲವು ಪಟ್ಟಿಗಳಲ್ಲಿ 'ಫ್ರೆಡರಿಕ್ಸ್' ಎಂದೂ ಇದೆ. ಹುಡುಕುವವರಿಗೆ ಗೊಂದಲವಾಗದಿರಲೆಂದು ಇದನ್ನು ಮೊದಲೇ ಹೇಳಿದ್ದೇವೆ.

ಧರ್ಮಕೇಂದ್ರಗಳ ಕ್ರೀಡಾಕೂಟ ನಡೆಸುವವರು, ಯುವಜನ ಸಂಘಟನೆಯ ಕಾರ್ಯಕರ್ತರು, ಶಾಲೆಗಳ ದೈಹಿಕ ಶಿಕ್ಷಕರು ಇವರ ಬಗ್ಗೆ ತಿಳಿದಿರುವುದು ಒಳ್ಳೆಯದು ಎಂಬ ಉದ್ದೇಶದಿಂದ ಈ ಲೇಖನ. ಹಾಕಿ ನಮ್ಮ ಕಡೆಯ ಆಟವಲ್ಲ, ನಿಜ. ಉಳ್ಳಾಲ, ಬಂದರ್, ಕಸಬಾ ಬೆಂಗ್ರೆಯ ಹುಡುಗರಿಗೆ ಫುಟ್ಬಾಲ್ ಎಂದರೆ ಪ್ರಾಣ. ನಮ್ಮ ಚರ್ಚ್ ಮೈದಾನಗಳಲ್ಲಿ ಹೆಚ್ಚಾಗಿ ಕಾಣುವುದು ಕ್ರಿಕೆಟ್, ವಾಲಿಬಾಲ್, ಥ್ರೋಬಾಲ್, ವರ್ಷಕ್ಕೊಮ್ಮೆ ಹಗ್ಗಜಗ್ಗಾಟ. ಆದರೂ ಗೋಲಿನ ಮುಂದೆ ನಿಲ್ಲುವವನ ಕಷ್ಟ ಫುಟ್ಬಾಲಿನಲ್ಲೂ ಅದೇ, ಹಾಕಿಯಲ್ಲೂ ಅದೇ.

ಕಣ್ಣೂರು ನಮಗೆ ಪರವೂರಲ್ಲ

ಹಳೆಯ ತಲೆಮಾರಿನವರಿಗೆ ಗೊತ್ತಿರುವ ಸಂಗತಿ, ಹೊಸಬರಿಗೆ ಹೇಳಬೇಕು. 1923ರವರೆಗೆ ಕಣ್ಣೂರು, ಕಲ್ಲಿಕೋಟೆ ಎರಡೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದವು. ಆ ವರ್ಷದ ಜೂನ್‌ನಲ್ಲಿ ಮಂಗಳೂರನ್ನು ವಿಭಜಿಸಿ ಕಲ್ಲಿಕೋಟೆ ಧರ್ಮಪ್ರಾಂತ್ಯವನ್ನು ಮಾಡಲಾಯಿತು. ಅದರಿಂದ ಕಣ್ಣೂರು ಬೇರೆಯಾದದ್ದು 1998ರಲ್ಲಿ. ಈಗ ಕಣ್ಣೂರು ಧರ್ಮಪ್ರಾಂತ್ಯದ ಪ್ರಧಾನಾಲಯವಾದ ಹೋಲಿ ಟ್ರಿನಿಟಿ ಇರುವುದು ಇದೇ ಬರ್ನಶ್ಶೇರಿಯಲ್ಲಿ. ಬ್ರಿಟಿಷರ ಕಾಲದಿಂದಲೂ ಅದು ಕಂಟೋನ್ಮೆಂಟ್ ಪ್ರದೇಶ. ಸೈನಿಕರಿದ್ದ ಕಡೆ ಮೈದಾನ ಇರುತ್ತದೆ, ಮೈದಾನ ಇದ್ದ ಕಡೆ ಸಂಜೆ ಹುಡುಗರು ಇರುತ್ತಾರೆ.

ಮ್ಯಾನುಯೆಲ್ ಅಂಥ ಹುಡುಗರಲ್ಲಿ ಒಬ್ಬರು. ಕಣ್ಣೂರಿನ ಸೇಂಟ್ ಮೈಕೆಲ್ಸ್ ಶಾಲೆಯ ವಿದ್ಯಾರ್ಥಿಯಾಗಿ ಮೊದಲು ಆಡಿದ್ದು ಫುಟ್ಬಾಲ್. ಕಣ್ಣೂರಿನಲ್ಲಿ ಆ ಆಟದ ಹುಚ್ಚು ಎಷ್ಟಿದೆಯೆಂದು ಅಲ್ಲಿನ 'ಸೆವೆನ್ಸ್' ಪಂದ್ಯ ನೋಡಿದವರಿಗೆ ವಿವರಿಸಬೇಕಾಗಿಲ್ಲ. ಸುಮಾರು ಹನ್ನೆರಡನೆಯ ವಯಸ್ಸಿಗೆ ಹಾಕಿ ಕೋಲು ಕೈಗೆ ಬಂತು. ಹದಿಹರೆಯದಲ್ಲೇ ಸೇನೆ ಸೇರಿ ಬೆಂಗಳೂರಿಗೆ ಬಂದರು. ಸೇನೆಯ ಆರ್ಮಿ ಸರ್ವಿಸ್ ಕೋರ್ (ಎ.ಎಸ್.ಸಿ.) ತಂಡ ಆ ಕಾಲದಲ್ಲಿ ಹಾಕಿಯಲ್ಲಿ ದೊಡ್ಡ ಹೆಸರು. ಅಲ್ಲಿನ ಶಿಸ್ತಿನಲ್ಲಿ ಈ ಹುಡುಗ ಗೋಲ್‌ಕೀಪರ್ ಆಗಿ ಪಳಗಿದರು. ಮುಂದೆ ಸರ್ವಿಸಸ್, ಎಚ್.ಎ.ಎಲ್., ಕಲ್ಕತ್ತೆಯ ಮೋಹನ್ ಬಾಗಾನ್ ತಂಡಗಳಿಗೂ ಆಡಿದರು. 1971ರಲ್ಲಿ ಭಾರತ ತಂಡಕ್ಕೆ ಪ್ರವೇಶ.

ಮಲೆಯಾಳದ ಕರಾವಳಿಯಿಂದ ಬೆಂಗಳೂರಿಗೆ ಬಂದು ಅಲ್ಲೇ ಬೇರು ಬಿಟ್ಟ ಇಂಥವರು ಎಷ್ಟೋ ಮಂದಿ. ನಮ್ಮವರು ಬೊಂಬಾಯಿಗೆ, ಆಮೇಲೆ ಕೊಲ್ಲಿ ದೇಶಗಳಿಗೆ ಹೋದ ಹಾಗೆ. ಕ್ರೀಡಾ ಇತಿಹಾಸ ಬರೆಯುವಾಗ ಇಂಥವರದ್ದೇ ತೊಡಕು. ಹುಟ್ಟಿದ ರಾಜ್ಯ ಅವರನ್ನು ಬೆಂಗಳೂರಿನವರೆನ್ನುತ್ತದೆ, ಬೆಂಗಳೂರು ಅವರನ್ನು ಕೇರಳದವರೆನ್ನುತ್ತದೆ. ನಡುವೆ ಮನುಷ್ಯ ಮರೆತುಹೋಗುತ್ತಾನೆ.

ಹೆಲ್ಮೆಟ್ ಇಲ್ಲದ ಕಾಲದ ಗೋಲಿ

ಇಂದಿನ ಹಾಕಿ ಗೋಲ್‌ಕೀಪರನನ್ನು ಟಿ.ವಿ.ಯಲ್ಲಿ ನೋಡಿದವರು 1972ರ ಗೋಲ್‌ಕೀಪರನನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಈಗ ತಲೆಯಿಂದ ಪಾದದವರೆಗೆ ರಕ್ಷಾಕವಚ: ಮುಖಕ್ಕೆ ಜಾಲರಿಯುಳ್ಳ ಹೆಲ್ಮೆಟ್, ಎದೆಗೆ ಕವಚ, ಕೈಗೆ ಹಲಗೆಯಂತಹ ಗ್ಲೌಸ್, ಕಾಲಿಗೆ ಹಗುರವಾದ ದಪ್ಪ ಫೋಮ್ ಪ್ಯಾಡ್. ಫ್ರೆಡರಿಕ್ ಆಡುವಾಗ ಇವು ಯಾವುವೂ ಈ ರೂಪದಲ್ಲಿ ಇರಲಿಲ್ಲ. ಕ್ರಿಕೆಟ್ ಬ್ಯಾಟ್ಸ್‌ಮನ್ ಕಟ್ಟುವಂಥ ಪ್ಯಾಡ್, ಬೂಟಿನ ಮೇಲೆ ಚರ್ಮದ ಕಿಕರ್, ಕೈಗೆ ಸಾಧಾರಣ ಗ್ಲೌಸ್, ಅಷ್ಟೇ. ಮುಖ ಬರಿದು, ತಲೆ ಬರಿದು. ಹೆಲ್ಮೆಟ್ ಬಳಕೆ ಸಾಮಾನ್ಯವಾದದ್ದು ಆಮೇಲೆ.

ಚೆಂಡಿನ ತೂಕ 156ರಿಂದ 163 ಗ್ರಾಂ. ಕ್ರಿಕೆಟ್ ಚೆಂಡಿನಷ್ಟೇ ಭಾರ, ಅಷ್ಟೇ ಗಡಸು. ಪೆನಾಲ್ಟಿ ಕಾರ್ನರ್‌ನಲ್ಲಿ ಸುಮಾರು 15 ಮೀಟರ್ ದೂರದಿಂದ ಬಲವಾಗಿ ಹೊಡೆದ ಚೆಂಡಿಗೆ ಅಡ್ಡ ಹೋಗಬೇಕು. ಹಿಂದೆ ಸರಿದರೆ ಗೋಲು ಅಗಲವಾಗುತ್ತದೆ, ಮುಂದೆ ನುಗ್ಗಿದರೆ ಹೊಡೆಯುವವನ ಕಣ್ಣಿಗೆ ಗೋಲು ಕಿರಿದಾಗುತ್ತದೆ. ಆದ್ದರಿಂದ ಒಳ್ಳೆಯ ಗೋಲ್‌ಕೀಪರ್ ಪೆಟ್ಟು ಬೀಳುತ್ತದೆಂದು ಗೊತ್ತಿದ್ದೂ ಮುಂದಕ್ಕೇ ನುಗ್ಗುತ್ತಾನೆ. ಮೈದಾನವೂ ಹುಲ್ಲಿನದ್ದು. ಒಲಿಂಪಿಕ್ಸ್‌ನಲ್ಲಿ ಕೃತಕ ಹಾಸು ಬಂದದ್ದು 1976ರ ಮಾಂಟ್ರಿಯಲ್‌ನಲ್ಲಿ. ಹುಲ್ಲಿನ ಮೇಲೆ ಚೆಂಡು ಯಾವ ಉಬ್ಬಿಗೆ ತಾಗಿ ಎತ್ತ ಪುಟಿಯುತ್ತದೆ ಎಂದು ಯಾರೂ ಹೇಳಲಾರರು.

ಫ್ರೆಡರಿಕ್ ಅವರ ಹೆಸರು ವಿಶೇಷವಾಗಿ ಕೇಳಿಬಂದದ್ದು ಪೆನಾಲ್ಟಿ ಸ್ಟ್ರೋಕ್ ತಡೆಯುವುದರಲ್ಲಿ. ಹಾಕಿ ಗೋಲಿನ ಅಗಲ 12 ಅಡಿ, ಎತ್ತರ 7 ಅಡಿ. ಸ್ಟ್ರೋಕ್ ತೆಗೆದುಕೊಳ್ಳುವುದು 7 ಗಜ, ಎಂದರೆ 6.4 ಮೀಟರ್ ದೂರದಿಂದ. ಹೊಡೆಯುವಂತಿಲ್ಲ, ತಳ್ಳಬೇಕು ಅಥವಾ ಎತ್ತಬೇಕು. ಫುಟ್ಬಾಲಿನಲ್ಲಿ ಗೋಲು 24 ಅಡಿ ಅಗಲ, 8 ಅಡಿ ಎತ್ತರ. ಪೆನಾಲ್ಟಿ 12 ಗಜದಿಂದ. ಲೆಕ್ಕ ಹಾಕಿದರೆ ಎರಡರಲ್ಲೂ ಗೋಲಿಗೆ ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಚೆಂಡು ಹೊರಟ ಮೇಲೆ ಯೋಚಿಸಲು ಸಮಯವಿಲ್ಲ. ಹೊಡೆಯುವವನ ಭುಜ, ಸೊಂಟ, ಕೋಲಿನ ಮುಖ ನೋಡಿ ಮೊದಲೇ ಓದಿರಬೇಕು. ಪಂದ್ಯ ಸಮಬಲವಾಗಿ ಸ್ಟ್ರೋಕ್‌ಗಳಿಗೆ ಹೋದ 16 ರಾಷ್ಟ್ರಮಟ್ಟದ ಚಾಂಪಿಯನ್‌ಷಿಪ್‌ಗಳಲ್ಲಿ ಅವರು ತಮ್ಮ ತಂಡಗಳನ್ನು ಗೆಲ್ಲಿಸಿದರೆಂದು ಅವರ ನಿಧನದ ಸಂದರ್ಭದಲ್ಲಿ ಸ್ಮರಿಸಲಾಯಿತು. ಈಗ ಆ ಪದ್ಧತಿಯೇ ಇಲ್ಲ. 2010ರ ದಶಕದ ಆರಂಭದಿಂದ ಸಮಬಲವಾದ ಪಂದ್ಯಕ್ಕೆ ಸ್ಟ್ರೋಕ್ ಬದಲು ಶೂಟೌಟ್ ಬಂದಿದೆ. ಆಟಗಾರ 23 ಮೀಟರ್ ಗೆರೆಯಿಂದ ಚೆಂಡು ತಂದು 8 ಸೆಕೆಂಡಿನೊಳಗೆ ಗೋಲು ಹೊಡೆಯಬೇಕು. ಪಂದ್ಯದ ನಡುವಿನ ತಪ್ಪಿಗೆ ಮಾತ್ರ ಈಗಲೂ ಸ್ಟ್ರೋಕ್ ಇದೆ.

ಮ್ಯೂನಿಕ್, 1972

ಆ ಒಲಿಂಪಿಕ್ ತಂಡದ ನಾಯಕ ಹರ್ಮಿಕ್ ಸಿಂಗ್. ಗೋಲ್‌ಕೀಪರ್‌ಗಳು ಇಬ್ಬರು, ಚಾರ್ಲ್ಸ್ ಕಾರ್ನೀಲಿಯಸ್ ಮತ್ತು ಮ್ಯಾನುಯೆಲ್ ಫ್ರೆಡರಿಕ್. ಕೊಡಗಿನ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ, ಗೋವಾ ಮೂಲದ ಡಾ. ವೇಸ್ ಪೇಸ್ (ಟೆನಿಸ್ ಆಟಗಾರ ಲಿಯಾಂಡರ್ ಪೇಸ್ ಅವರ ತಂದೆ), ಜಾರ್ಖಂಡ್ ಪ್ರದೇಶದ ಆದಿವಾಸಿ ಆಟಗಾರ ಮೈಕೆಲ್ ಕಿಂಡೊ ಸಹ ಇದ್ದರು. ಗಣೇಶ್ ಕೂಡ ಮೊದಲು ಕೊಡಗಿನಲ್ಲಿ ಫುಟ್ಬಾಲ್ ಆಡಿದವರೇ ಎಂಬುದನ್ನು ಇಲ್ಲಿ ನೆನೆಯಬಹುದು.

ಭಾರತ ಗುಂಪಿನಲ್ಲಿ ಒಂದೂ ಪಂದ್ಯ ಸೋಲಲಿಲ್ಲ. ಹಾಲೆಂಡ್ ವಿರುದ್ಧ 1–1, ಪೋಲೆಂಡ್ ವಿರುದ್ಧ 2–2 ಡ್ರಾ. ಬ್ರಿಟನ್ ವಿರುದ್ಧ 5–0, ಆಸ್ಟ್ರೇಲಿಯಾ ವಿರುದ್ಧ 3–1, ಕೆನ್ಯಾ ಮತ್ತು ನ್ಯೂಜಿಲೆಂಡ್ ವಿರುದ್ಧ ತಲಾ 3–2, ಮೆಕ್ಸಿಕೊ ವಿರುದ್ಧ 8–0. ಸೆಮಿಫೈನಲಿನಲ್ಲಿ ಎದುರಾಳಿ ಪಾಕಿಸ್ತಾನ.

ಆ ಪಂದ್ಯ ನಡೆಯುವ ಮೊದಲು ಸೆಪ್ಟೆಂಬರ್ 5ರ ಮುಂಜಾನೆ ಕ್ರೀಡಾಗ್ರಾಮದೊಳಗೆ ಭಯೋತ್ಪಾದಕರು ನುಗ್ಗಿದರು. ಇಸ್ರೇಲಿನ 11 ಮಂದಿ ಕ್ರೀಡಾಪಟುಗಳು ಮತ್ತು ತರಬೇತುದಾರರು ಪ್ರಾಣ ಕಳೆದುಕೊಂಡರು. ಆಟಗಳು ನಿಂತು ಶ್ರದ್ಧಾಂಜಲಿ ಸಭೆ ನಡೆಯಿತು, ಆಮೇಲೆ ಮತ್ತೆ ಆರಂಭವಾದವು. ಅದೇ ಕ್ರೀಡಾಗ್ರಾಮದಲ್ಲಿ ಮಲಗಿದ್ದ 24ರ ಹರೆಯದ ಹುಡುಗರು ಮೂರು ದಿನಗಳ ನಂತರ ಮೈದಾನಕ್ಕೆ ಇಳಿದು ಆಡಬೇಕಾಯಿತು. ಸೆಪ್ಟೆಂಬರ್ 8ರಂದು ಭಾರತ 0–2ರಿಂದ ಸೋತಿತು. ಸೆಪ್ಟೆಂಬರ್ 10ರಂದು ಮೂರನೆಯ ಸ್ಥಾನಕ್ಕಾಗಿ ಹಾಲೆಂಡ್ ವಿರುದ್ಧ ಆಡಿ 2–1ರಿಂದ ಗೆದ್ದು ಕಂಚು ಪಡೆಯಿತು. ಗೋಲು ಹೊಡೆದವರು ಗೋವಿಂದ ಮತ್ತು ಮುಖ್‌ಬೈನ್ ಸಿಂಗ್. ಒಟ್ಟು ಒಂಬತ್ತು ಪಂದ್ಯಗಳಲ್ಲಿ ಭಾರತ ಹೊಡೆದದ್ದು 27, ಬಿಟ್ಟುಕೊಟ್ಟದ್ದು 11 ಗೋಲು.

ಈ ಸಂಖ್ಯೆ ಇಂದು ನೋಡಿದರೆ ಹೆಮ್ಮೆಯದ್ದು. ಅಂದು ಹಾಗಿರಲಿಲ್ಲ. 1928ರಿಂದ 1956ರವರೆಗೆ ಸತತ ಆರು ಚಿನ್ನ, 1964ರಲ್ಲಿ ಏಳನೆಯದು ಗೆದ್ದಿದ್ದ ದೇಶಕ್ಕೆ ಕಂಚು ಎಂದರೆ ಸೋಲು. 1968ರಲ್ಲೂ ಕಂಚು, ಈಗ ಮತ್ತೂ ಕಂಚು ಎಂದು ಜನ ಬೇಸರಪಟ್ಟರು. ಅದರಲ್ಲೂ ಗೋಲ್‌ಕೀಪರನ ಪಾಲಿಗೆ ಹೊಗಳಿಕೆ ಬರುವುದೇ ಅಪರೂಪ. ಗೋಲು ಹೊಡೆದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ತಡೆದ ಗೋಲುಗಳಿಗೆ ಲೆಕ್ಕದ ಪುಸ್ತಕವೇ ಇಲ್ಲ. ಫ್ರೆಡರಿಕ್ ಮರೆತುಹೋದದ್ದಕ್ಕೆ ಮುಖ್ಯ ಕಾರಣ ಇದೇ ಎಂದು ನಮಗೆ ತೋರುತ್ತದೆ: ಕಂಚಿಗೆ ಬೆಲೆಯಿಲ್ಲದ ಕಾಲದಲ್ಲಿ ಕಂಚು ಗೆದ್ದರು, ಅದೂ ಗೋಲ್‌ಕೀಪರ್ ಆಗಿ.

ಮರುವರ್ಷ, 1973ರಲ್ಲಿ, ಹಾಲೆಂಡಿನ ಆಮ್ಸ್ಟೆಲ್‌ವೀನ್‌ನಲ್ಲಿ ವಿಶ್ವಕಪ್. ಎಂ.ಪಿ. ಗಣೇಶ್ ನಾಯಕತ್ವದ ಈ ತಂಡದಲ್ಲೂ ಫ್ರೆಡರಿಕ್ ಇದ್ದರು. ಫೈನಲಿನಲ್ಲಿ ಸುರ್ಜಿತ್ ಸಿಂಗ್ ಹೊಡೆದ ಎರಡು ಗೋಲಿನಿಂದ ಭಾರತ ಮೊದಲೇ 2–0 ಮುಂದಿತ್ತು. ಹಾಲೆಂಡ್ 2–2 ಮಾಡಿತು, ಕೊನೆಗೆ ಪೆನಾಲ್ಟಿ ಸ್ಟ್ರೋಕ್‌ನಲ್ಲಿ ಗೆದ್ದಿತು. ಭಾರತಕ್ಕೆ ಬೆಳ್ಳಿ. 1978ರ ಬ್ಯೂನಸ್ ಐರಿಸ್ ವಿಶ್ವಕಪ್ ಅವರ ಕೊನೆಯ ದೊಡ್ಡ ಪಂದ್ಯಾವಳಿ. ಅದರಲ್ಲಿ ಭಾರತಕ್ಕೆ ಆರನೆಯ ಸ್ಥಾನ.

ಫುಟ್ಬಾಲಿನಲ್ಲೂ ಇದೇ ಕಥೆ

ಫುಟ್ಬಾಲ್ ಅಭಿಮಾನಿಗಳು ಬೇಸರಿಸಬಾರದೆಂದು ಇಲ್ಲಿ ಒಂದಿಷ್ಟು ಅವರ ಕಡೆಯ ಮಾತು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ಫುಟ್ಬಾಲ್ ತಂಡದಲ್ಲಿ ಗೋಲ್‌ಕೀಪರ್‌ಗಳು ಇಬ್ಬರು: ಬೆಂಗಳೂರಿನ ಕೆ.ವಿ. ವರದರಾಜ್ ಮತ್ತು ಬೊಂಬಾಯಿಯಿಂದ ಆಯ್ಕೆಯಾದ ಸಂಜೀವ ಉಚ್ಚಿಲ್. ಹೆಚ್ಚಿನವರು ಬರಿಗಾಲಲ್ಲಿ ಆಡಿದ ಆ ತಂಡ ಫ್ರಾನ್ಸ್ ವಿರುದ್ಧ 1–2ರಿಂದ ಸೋತಿತು, ಎರಡು ಪೆನಾಲ್ಟಿಗಳನ್ನು ಕಳೆದುಕೊಂಡಿತು. ಉಚ್ಚಿಲ್ ಎಂಬ ಹೆಸರು ಕೇಳಿದ ಕೂಡಲೇ ತೊಕ್ಕೊಟ್ಟಿನವರ ಕಿವಿ ನೆಟ್ಟಗಾಗುತ್ತದೆ. ಉಚ್ಚಿಲ ನಮ್ಮ ಪಕ್ಕದ ಸೋಮೇಶ್ವರದಲ್ಲೂ ಇದೆ, ಉಡುಪಿ ಕಡೆ ಪಡುಬಿದ್ರಿಯ ಹತ್ತಿರವೂ ಇದೆ. ಹೆಸರಿನ ಬಲದಿಂದ ಮಾತ್ರ ಅವರನ್ನು ನಮ್ಮವರೆಂದು ಎಳೆದುಕೊಳ್ಳುವ ಸಾಹಸ ನಾವು ಮಾಡುವುದಿಲ್ಲ.

ಗೋಲ್‌ಕೀಪರ್ ತರಬೇತುದಾರನಾದ ಉದಾಹರಣೆ ಬೇಕೆಂದರೆ ಪೀಟರ್ ತಂಗರಾಜ್. ಹೈದರಾಬಾದಿನವರು. ಇವರೂ ಸೇನೆಯ ಹುಡುಗ, ಮದ್ರಾಸ್ ರೆಜಿಮೆಂಟಲ್ ಸೆಂಟರ್ ತಂಡದವರು. ಮೊದಲು ಮುನ್ಪಡೆಯಲ್ಲಿ ಆಡಿ ಆಮೇಲೆ ಗೋಲಿಗೆ ಹೋದವರು. 1956 ಮತ್ತು 1960ರ ಒಲಿಂಪಿಕ್ಸ್ ತಂಡಗಳಲ್ಲಿ ಇದ್ದರು, 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಚಿನ್ನದ ತಂಡದಲ್ಲಿಯೂ ಇದ್ದರು. 1967ರಲ್ಲಿ ಅರ್ಜುನ ಪ್ರಶಸ್ತಿ. ಆಟ ಬಿಟ್ಟ ಮೇಲೆ ತರಬೇತಿಗೆ ಇಳಿದು, ಬೊಕಾರೊದಲ್ಲಿ ನೆಲೆಸಿ, 2008ರಲ್ಲಿ ಅಲ್ಲೇ ತೀರಿಕೊಂಡರು. ಗೋವಾದ ಬ್ರಹ್ಮಾನಂದ ಶಂಖ್ವಾಳ್ಕರ್ ಇನ್ನೊಬ್ಬರು. ಭಾರತದ ನಾಯಕರಾಗಿದ್ದ ಈ ಗೋಲ್‌ಕೀಪರ್ ನಂತರ ತರಬೇತುದಾರರಾದರು. 1997ರಲ್ಲಿ ಅರ್ಜುನ, 2022ರಲ್ಲಿ ಪದ್ಮಶ್ರೀ ಬಂತು.

ಹಾಕಿಯಲ್ಲಿ ಬೆಂಗಳೂರಿನವರೇ ಆದ ಆಶಿಶ್ ಬಲ್ಲಾಳ್ ಅವರನ್ನು ಹಲವರು ನೆನಪಿಟ್ಟಿರಬಹುದು. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲಿನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಟೈಬ್ರೇಕರ್‌ನಲ್ಲಿ ಅವರು ತಡೆದ ಚೆಂಡುಗಳಿಂದ ಭಾರತಕ್ಕೆ 32 ವರ್ಷಗಳ ನಂತರ ಚಿನ್ನ ಬಂತು. ಅವರೂ ಮುಂದೆ ಬೆಂಗಳೂರಿನಲ್ಲಿ ಮಕ್ಕಳಿಗೆ ಹಾಕಿ ಕಲಿಸುವ ಕೆಲಸಕ್ಕೆ ಇಳಿದರು.

ಗೋಲ್‌ಕೀಪರ್‌ಗಳು ತರಬೇತಿಗೆ ಬರುವುದು ಆಕಸ್ಮಿಕವಲ್ಲ. ಮೈದಾನದ ಹನ್ನೊಂದು ಮಂದಿಯಲ್ಲಿ ಇಡೀ ಆಟವನ್ನು ಮುಖಾಮುಖಿ ನೋಡುವವನು ಅವನೊಬ್ಬನೇ. ಮುನ್ಪಡೆಯವನಿಗೆ ಬೆನ್ನ ಹಿಂದೆ ಏನಾಗುತ್ತಿದೆಯೆಂದು ತಿಳಿಯದು. ಗೋಲಿ ಯಾರು ಜಾಗ ಬಿಟ್ಟಿದ್ದಾರೆ, ಯಾರು ದಣಿದಿದ್ದಾರೆ, ಎದುರಾಳಿ ಯಾವ ಬದಿಯಿಂದ ಬರುತ್ತಿದ್ದಾನೆ ಎಂದು ನೋಡಿ ಕೂಗಿ ಹೇಳುತ್ತಿರಬೇಕು. ತೊಂಬತ್ತು ನಿಮಿಷ ಹೀಗೆ ಕೂಗಿದವನಿಗೆ ಆಮೇಲೆ ಗೆರೆಯಾಚೆ ನಿಂತು ಕೂಗುವುದು ಹೊಸತಲ್ಲ.

ಕಲಿಸುವ ಕೆಲಸ

ಆಟ ಮುಗಿದ ಮೇಲೆ ಫ್ರೆಡರಿಕ್ ಬೆಂಗಳೂರಿನಲ್ಲೇ ಉಳಿದು ಎಳೆಯರಿಗೆ ಹಾಕಿ ಕಲಿಸಿದರು. ದೊಡ್ಡ ತಂಡದ ತರಬೇತುದಾರನ ಹುದ್ದೆಯಲ್ಲ, ಕ್ಯಾಮೆರಾಗಳ ಬೆಳಕೂ ಅಲ್ಲ. ಬೆಳಿಗ್ಗೆ ಬೇಗ ಎದ್ದು ಮೈದಾನಕ್ಕೆ ಹೋಗಿ, ಕೋಲು ಹಿಡಿಯಲೂ ಬಾರದ ಮಕ್ಕಳಿಗೆ ಒಂದೊಂದಾಗಿ ಹೇಳಿಕೊಡುವ ಕೆಲಸ. ನಮ್ಮ ಶಾಲೆಗಳಲ್ಲಿ ಪಿ.ಟಿ. ಮಾಸ್ತರರು ಮಾಡುವಂಥದ್ದೇ. ಪದಕದ ವಿಷಯ ಗೊತ್ತಿಲ್ಲದ ಮಕ್ಕಳಿಗೆ ಅವರು ಬರೇ ಒಬ್ಬ 'ಸರ್'.

ಈ ಸಂದರ್ಭದಲ್ಲಿ ಧರ್ಮಕೇಂದ್ರಗಳಲ್ಲಿ ಕ್ರೀಡೆ ನಡೆಸುವವರಿಗೆ ಒಂದೆರಡು ಮಾತು ಹೇಳುವುದು ತಪ್ಪಲ್ಲ. ನಮ್ಮ ಬಾಲ್ಯದಲ್ಲಿ ವಾರ್ಡ್‌ವಾರು ಫುಟ್ಬಾಲ್ ಪಂದ್ಯವೆಂದರೆ ಓಡಲು ಬಾರದವನನ್ನೋ ಎಲ್ಲರಿಗಿಂತ ಚಿಕ್ಕವನನ್ನೋ ಹಿಡಿದು ಗೋಲಿಗೆ ನಿಲ್ಲಿಸುತ್ತಿದ್ದರು. ಈ ಲೇಖಕನೂ ಹಾಗೆ ನಿಂತವನೇ. ಗೋಲು ಹೋದಾಗ ಬೈಗುಳ, ತಡೆದಾಗ ಯಾರೂ ತಿರುಗಿ ನೋಡುವುದಿಲ್ಲ. ಇಂದಿಗೂ ಇದು ಹೆಚ್ಚು ಬದಲಾಗಿಲ್ಲ. ಗೋಲಿಗೆ ನಿಲ್ಲುವ ಹುಡುಗನಿಗೆ ಬೇರೆಯೇ ಅಭ್ಯಾಸ ಬೇಕು. ಉಳಿದವರಿಗೆ ಮೈದಾನ ಸುತ್ತಿಸಿ ಕೊನೆಗೆ ಅವನ ಮೇಲೆ ಎಲ್ಲರೂ ಚೆಂಡು ಹೊಡೆಯುವುದು ಅಭ್ಯಾಸವಲ್ಲ. ಎರಡು ಕಂಬಗಳಿಂದ ಚೆಂಡಿನವರೆಗೆ ಗೆರೆ ಎಳೆದರೆ ಆಗುವ ಕೋನದ ನಡುವೆ ನಿಲ್ಲುವುದು, ಎದುರಾಳಿ ಒಬ್ಬನೇ ಬಂದಾಗ ಎರಡು ಹೆಜ್ಜೆ ಮುಂದೆ ಹೋಗಿ ಕೋನವನ್ನು ಕಿರಿದು ಮಾಡುವುದು, ಹಿಡಿಯಲಾಗದ ಚೆಂಡನ್ನು ನಡುವಿಗೆ ಬಿಡದೆ ಬದಿಗೆ ತಳ್ಳುವುದು, ಮುಖ ತಿರುಗಿಸದೆ ಚೆಂಡನ್ನು ಕೊನೆಯವರೆಗೂ ನೋಡುವುದು: ಇಷ್ಟು ಕಲಿಸಲು ದೊಡ್ಡ ಕೋಚ್ ಬೇಕಾಗಿಲ್ಲ. ಹಳೆಯ ಗೋಲ್‌ಕೀಪರ್ ಒಬ್ಬ ನಿಮ್ಮ ವಾರ್ಡಿನಲ್ಲೇ ಇದ್ದಾನು, ಕರೆಯಿರಿ.

ಹಾಕಿ ಆಡಿಸುವ ಶಾಲೆಗಳಾದರೆ ಹೆಲ್ಮೆಟ್, ಪ್ಯಾಡ್ ಇಲ್ಲದೆ ಮಕ್ಕಳನ್ನು ಗೋಲಿಗೆ ನಿಲ್ಲಿಸಲೇಬಾರದು. ಫ್ರೆಡರಿಕ್ ಬರಿ ತಲೆಯಲ್ಲಿ ನಿಂತರಲ್ಲ ಎಂದು ಹೇಳುವುದು ಸಲ್ಲ, ಅವರಿಗೆ ಬೇರೆ ದಾರಿ ಇರಲಿಲ್ಲ. ಫುಟ್ಬಾಲಿನಲ್ಲಿ ಎತ್ತಿ ಒಯ್ಯುವ ಕಬ್ಬಿಣದ ಗೋಲುಕಂಬಗಳನ್ನು ನೆಲಕ್ಕೆ ಭದ್ರವಾಗಿ ಬಿಗಿಯದೆ ಆಟ ಶುರುಮಾಡಬಾರದು. ಮಕ್ಕಳು ಅಡ್ಡಪಟ್ಟಿಗೆ ಜೋತಾಡಿ ಕಂಬ ಮಗುಚಿಬೀಳುವ ಅಪಾಯ ಎಲ್ಲ ದೇಶಗಳಲ್ಲೂ ಕಂಡದ್ದೇ.

47 ವರ್ಷಗಳ ನಂತರ

ಫ್ರೆಡರಿಕ್ ಅವರಿಗೆ ಅರ್ಜುನ ಪ್ರಶಸ್ತಿ ಬರಲಿಲ್ಲ. ಅದೇ ಕಾಲದ ಸಹ ಆಟಗಾರರಲ್ಲಿ ಗಣೇಶ್ ಅವರಿಗೆ 1973ರಲ್ಲಿ, ಗೋವಿಂದ ಅವರಿಗೆ 1975ರಲ್ಲಿ ಬಂದಿತ್ತು. ವರ್ಷಗಳು ಉರುಳಿದವು. 2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ನೀಡಿತು. ಆಡುವಾಗ ಸಾಧನೆ ಮಾಡಿ, ನಿವೃತ್ತಿಯ ನಂತರವೂ ಆಟಕ್ಕಾಗಿ ದುಡಿಯುವವರಿಗೆಂದು 2002ರಲ್ಲಿ ಸ್ಥಾಪಿಸಿದ್ದ ಪ್ರಶಸ್ತಿ ಅದು. ಆಗ ಅದರ ಮೊತ್ತ 5 ಲಕ್ಷ ರೂಪಾಯಿ. ಮ್ಯೂನಿಕ್‌ನಲ್ಲಿ ಪದಕ ಕೊರಳಿಗೆ ಬಿದ್ದಾಗ 24 ವರ್ಷ, ದೆಹಲಿಯಲ್ಲಿ ಪ್ರಶಸ್ತಿ ಕೈಗೆ ಬಂದಾಗ 71. ಕೇರಳ ಸರ್ಕಾರ ಕಣ್ಣೂರಿನ ಪಯ್ಯಾಂಬಲಂನಲ್ಲಿ ಅವರಿಗೆ ಮನೆ ಕಟ್ಟಿಸಿಕೊಟ್ಟದ್ದೂ ಇಳಿವಯಸ್ಸಿನಲ್ಲೇ.

ತಡವಾಗಿಯಾದರೂ ಬಂತಲ್ಲ ಎನ್ನುವವರಿದ್ದಾರೆ. ಹಾಗೆ ಸಮಾಧಾನ ಪಡುವುದು ನಮಗೆ ಸುಲಭ, ಕಾದವರಿಗೆ ಅಲ್ಲ. ಒಬ್ಬ ಆಟಗಾರನಿಗೆ ಮೂವತ್ತರಲ್ಲಿ ಸಿಗುವ ಮನ್ನಣೆಯಿಂದ ಕೆಲಸ ಸಿಗುತ್ತದೆ, ಮಕ್ಕಳ ಓದಿಗೆ ದಾರಿಯಾಗುತ್ತದೆ, ಕಲಿಯಲು ಬರುವ ಹುಡುಗರ ಸಂಖ್ಯೆ ಹೆಚ್ಚುತ್ತದೆ. ಎಪ್ಪತ್ತರಲ್ಲಿ ಸಿಗುವುದು ಗೌರವ ಮಾತ್ರ.

2021ರ ಆಗಸ್ಟ್ 5ರಂದು ಟೋಕಿಯೋದಲ್ಲಿ ಭಾರತ ಜರ್ಮನಿಯನ್ನು 5–4ರಿಂದ ಸೋಲಿಸಿ ಕಂಚು ಗೆದ್ದಾಗ ಗೋಲಿನಲ್ಲಿ ಇದ್ದವರು ಎರ್ನಾಕುಳಂ ಜಿಲ್ಲೆಯ ಪಿ.ಆರ್. ಶ್ರೀಜೇಶ್. ಕೊನೆಯ ಕ್ಷಣದ ಪೆನಾಲ್ಟಿ ಕಾರ್ನರ್ ತಡೆದು ಗೋಲುಕಂಬದ ಮೇಲೆ ಹತ್ತಿ ಕುಳಿತ ಚಿತ್ರ ಎಲ್ಲರೂ ನೋಡಿದ್ದಾರೆ. ಕೇರಳಕ್ಕೆ 49 ವರ್ಷಗಳ ನಂತರ ಒಲಿಂಪಿಕ್ ಪದಕ, ಈ ಬಾರಿಯೂ ಹಾಕಿಯಲ್ಲಿ, ಈ ಬಾರಿಯೂ ಗೋಲ್‌ಕೀಪರ್, ಈ ಬಾರಿಯೂ ಕಂಚು! ಆಗ ಪತ್ರಿಕೆಗಳವರು ಬೆಂಗಳೂರಿನಲ್ಲಿ ಫ್ರೆಡರಿಕ್ ಅವರ ಮನೆ ಹುಡುಕಿಕೊಂಡು ಹೋದರು. ಹೊಸ ಪೀಳಿಗೆಯ ಅನೇಕರು ಅವರ ಹೆಸರು ಕೇಳಿದ್ದೇ ಆಗ.

ಕಾಲ ಬದಲಾಗಿರುವುದಕ್ಕೆ ಶ್ರೀಜೇಶ್ ಅವರೇ ಸಾಕ್ಷಿ. 2024ರ ಪ್ಯಾರಿಸ್‌ನಲ್ಲಿ ಮತ್ತೊಂದು ಕಂಚು ಗೆದ್ದು ನಿವೃತ್ತರಾದ ಕೂಡಲೇ ಅವರನ್ನು ಭಾರತದ ಜೂನಿಯರ್ ಪುರುಷರ ತಂಡಕ್ಕೆ ತರಬೇತುದಾರರನ್ನಾಗಿ ನೇಮಿಸಲಾಯಿತು. ಅವರು ಧರಿಸುತ್ತಿದ್ದ 16ನೆಯ ಸಂಖ್ಯೆಯ ಅಂಗಿಯನ್ನು ಹಿರಿಯರ ತಂಡದಲ್ಲಿ ಇನ್ನು ಯಾರಿಗೂ ಕೊಡುವುದಿಲ್ಲವೆಂದು ಹಾಕಿ ಇಂಡಿಯಾ ಪ್ರಕಟಿಸಿತು. ಆ ಜೂನಿಯರ್ ತಂಡ 2024ರ ಡಿಸೆಂಬರ್‌ನಲ್ಲಿ ಮಸ್ಕತ್‌ನಲ್ಲಿ ಏಷ್ಯಾ ಕಪ್ ಗೆದ್ದಿತು.

2025ರ ಅಕ್ಟೋಬರ್ ಕೊನೆಯ ದಿನ ಫ್ರೆಡರಿಕ್ ತೀರಿಕೊಂಡರು. ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿದ್ದರು. ಆರು ವಾರಗಳೊಳಗೆ ತಮಿಳುನಾಡಿನಲ್ಲಿ ಜೂನಿಯರ್ ವಿಶ್ವಕಪ್ ನಡೆಯಿತು. ಕ್ವಾರ್ಟರ್‌ಫೈನಲಿನಲ್ಲಿ ಬೆಲ್ಜಿಯಂ ವಿರುದ್ಧ 2–2 ಸಮವಾಗಿ ಶೂಟೌಟ್‌ಗೆ ಹೋದ ಪಂದ್ಯವನ್ನು ಗೆಲ್ಲಿಸಿಕೊಟ್ಟವನು ಶ್ರೀಜೇಶ್ ಪಳಗಿಸಿದ ಹುಡುಗ, ಗೋಲ್‌ಕೀಪರ್ ಪ್ರಿನ್ಸ್‌ದೀಪ್ ಸಿಂಗ್. ಡಿಸೆಂಬರ್ 10ರಂದು ಚೆನ್ನೈಯಲ್ಲಿ ಅರ್ಜೆಂಟೀನಾವನ್ನು 4–2ರಿಂದ ಸೋಲಿಸಿ ಆ ಹುಡುಗರು ಕಂಚು ಪಡೆದರು.